ಹಿತ್ತಲ ಶೆಡ್ಡಿಗೆ ವಿದ್ಯುಚ್ಛಕ್ತಿ

ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ ತಾಲ್ಲೂಕಿಗೆ ಸೇರಿದ ಜಿಗಣಿಯಲ್ಲಿ ಎರಡು ಬಗೆಯ ವಿದ್ಯುತ್ ವ್ಯವಸ್ಥೆಗಳು ಅಕ್ಕಪಕ್ಕದಲ್ಲಿಯೇ ಇರುವುದನ್ನು ಕಾಣಬಹುದು. ಒಂದು, ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳದು. ಅಲ್ಲಿ ತಂತಿಯ ಗಾತ್ರವನ್ನು ಲೆಕ್ಕ ಹಾಕಿ ನಿರ್ಧರಿಸುವರು. ಭೂಸಂಪರ್ಕವನ್ನು ಅಳೆದು ದಾಖಲೆಯಲ್ಲಿ ಬರೆಯುವರು. ಮತ್ತೊಂದು, ಅದೇ ಕಾರ್ಖಾನೆಗಳಲ್ಲಿ ದುಡಿಯುವವರು ವಾಸಿಸುವ ಬಡಾವಣೆಗಳದು. ಇಲ್ಲಿ ಮನೆಯಿಂದ ಪ್ರತ್ಯೇಕವಾಗಿ, ಹಿತ್ತಲಿನ ಕೊನೆಯಲ್ಲಿ, ಕಾರಿಗೆಂದೋ ಸಣ್ಣಪುಟ್ಟ ಯಂತ್ರಗಳಿಗೆಂದೋ ಒಂದು ತಗಡಿನ ಶೆಡ್ಡು ಎದ್ದಿರುತ್ತದೆ. ಮನೆಯ ಬೋರ್ಡಿನಿಂದ ಹೊರಟ ತಂತಿಯೊಂದು ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲಿಯೇ ತೂಗಾಡುತ್ತಾ, ತೆಂಗಿನ ಮರವನ್ನು ಒಂದು ಸುತ್ತು ಬಳಸಿ, ಆ ಶೆಡ್ಡನ್ನು ಸೇರುವುದು. ವೈರ್‌ಮನ್ ಸ್ವಿಚ್ಚನ್ನು ಒತ್ತುತ್ತಾನೆ, ದೀಪ ಬೆಳಗುತ್ತದೆ, ಹಣ ಪಡೆದು ಹೊರಡುತ್ತಾನೆ.

ದೀಪ ಬೆಳಗಿತೆಂಬುದು ಏನನ್ನು ಸಿದ್ಧಪಡಿಸುತ್ತದೆ? ಮಂಡಲ ಪೂರ್ಣವಾಗಿದೆ ಎಂಬುದನ್ನು ಮಾತ್ರ. ತಂತಿ ಭಾರವನ್ನು ತಾಳುವುದೇ, ದೋಷ ಉಂಟಾದಾಗ ಪ್ರವಾಹ ತಾನಾಗಿಯೇ ನಿಲ್ಲುವುದೇ ಎಂಬ ಪ್ರಶ್ನೆಗಳಿಗೆ ದೀಪವು ಉತ್ತರ ಹೇಳಲಾರದು. ಆದುದರಿಂದ ವೈರ್‌ಮನ್ನನಿಗೆ ನಾವು ಕೊಡುವ ಹಣ ದೀಪ ಹೊತ್ತಿಸಿದ್ದಕ್ಕಲ್ಲ, ಈ ಎರಡು ಪ್ರಶ್ನೆಗಳಿಗೆ ಅಂಕೆಗಳಲ್ಲಿ ಉತ್ತರ ಕೊಟ್ಟಿದ್ದಕ್ಕೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಪ್ರಶ್ನೆಯನ್ನು ಓಮನ ನಿಯಮ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೇ ಬಿಡಿಸಬಹುದು. ಶೆಡ್ಡು ಬೋರ್ಡಿನಿಂದ 30 ಮೀಟರು ದೂರದಲ್ಲಿದೆ ಎನ್ನೋಣ. ಹೋಗಲು ಒಂದು ತಂತಿ, ಬರಲು ಒಂದು. ಒಟ್ಟು 60 ಮೀಟರು. ದೀಪಗಳಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಎಳೆದರೆ ಅದರ ರೋಧ ಸುಮಾರು 0.69 ಓಮ್. ಒಂದು ದೀಪಕ್ಕೆ ಇದು ಲೆಕ್ಕಕ್ಕೇ ಬಾರದು. ಆದರೆ ಈಗ ಶೆಡ್ಡಿನೊಳಗೆ ವಿದ್ಯುತ್ ಕಾರು ಬಂದು ನಿಂತಿದೆ. ಮನೆಯ ಪ್ಲಗ್ಗಿನಿಂದ 3.3 ಕಿಲೋವ್ಯಾಟ್ ಎಳೆಯುವ ಚಾರ್ಜರಿಗೆ 230 ವೋಲ್ಟಿನಲ್ಲಿ 14 ಆಂಪಿಯರುಗಳಿಗೂ ಮಿಗಿಲಾದ ಪ್ರವಾಹ ಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ತಂತಿಯಲ್ಲಿಯೇ ಶಾಖವಾಗಿ ಹೋಗುವ ಶಕ್ತಿ ದೊರೆಯುವುದು: ಸುಮಾರು 135 ವ್ಯಾಟ್. ರಾತ್ರಿಯಿಡೀ ಎಂಟು ಗಂಟೆ ಚಾರ್ಜು ಮಾಡಿದರೆ, ಒಂದು ಯೂನಿಟ್ಟಿಗೂ ಮಿಗಿಲಾದ ವಿದ್ಯುತ್ತು ಬರಿಯ ತಂತಿಯನ್ನು ಕಾಯಿಸುವುದಕ್ಕೆ ವೆಚ್ಚವಾಯಿತು. ತಂತಿಯನ್ನು 6 ಚದರ ಮಿಲಿಮೀಟರಿನದನ್ನಾಗಿ ಮಾಡಿದರೆ ಈ ನಷ್ಟ 34 ವ್ಯಾಟಿಗೆ ಇಳಿಯುವುದು. ಹಿಂದೆ ಶೆಡ್ಡಿನ ಡ್ರಿಲ್ಲು ಐದು ನಿಮಿಷ ತಿರುಗಿ ನಿಲ್ಲುತ್ತಿತ್ತು. ತಂತಿಗೆ ತಣಿಯಲು ಬಿಡುವು ಸಿಗುತ್ತಿತ್ತು. ಕಾರು ಅಂತಹ ಬಿಡುವನ್ನು ಕೊಡದು. ಅದೂ ಮನೆಯವರೆಲ್ಲ ನಿದ್ರಿಸುತ್ತಿರುವ ಹೊತ್ತಿನಲ್ಲಿ.

ಇದೇ ಸಮಸ್ಯೆಯನ್ನು ನಮ್ಮ ನಾಡಿನ ಎಂಜಿನಿಯರುಗಳು ಬೃಹತ್ ಪ್ರಮಾಣದಲ್ಲಿ ಎದುರಿಸಿದ್ದರು. ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ವೋಲ್ಟೇಜನ್ನು ಬಹಳವಾಗಿ ಏರಿಸಿ, ಆ ಮೂಲಕ ಪ್ರವಾಹವನ್ನು ಕುಗ್ಗಿಸಿ, ತಂತಿಯಲ್ಲಾಗುವ ನಷ್ಟವನ್ನು ತಡೆದರು. ಹಿತ್ತಲಿನ ಯಜಮಾನನಿಗೆ ಆ ಉಪಾಯವಿಲ್ಲ. ಅವನ ಕೈಯಲ್ಲಿರುವುದು ತಂತಿಯ ದಪ್ಪವೊಂದೇ. ತೆಳು ತಂತಿ ಹಾಕಿ, ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು 16 ಆಂಪಿಯರಿನದನ್ನು ತೆಗೆದು 32ರದನ್ನು ಕೂರಿಸುವವರನ್ನು ನಾವು ಕಂಡಿದ್ದೇವೆ. ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತಾಯಿತು!

ಎರಡನೆಯ ಪ್ರಶ್ನೆ ಇನ್ನೂ ಗಹನವಾದುದು. ಶೆಡ್ಡಿಗೆ ಎರಡೇ ತಂತಿ ಎಳೆದು, ಅಲ್ಲಿಯೇ ಒಂದು ಕಂಬಿಯನ್ನು ನೆಲಕ್ಕೆ ಹೊಡೆದು, ಅರ್ಥಿಂಗ್ ಆಯಿತೆನ್ನುವುದು ರೂಢಿ. ಬೆಂಗಳೂರಿನ ಸುತ್ತಲಿನದು ಬಂಡೆಯ ಮೇಲಿನ ನೆಲ. ಬೇಸಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಅಂತಹ ಕಂಬಿಯ ರೋಧ ಹತ್ತಾರು ಓಮುಗಳಿಗೆ ಏರುವುದು. 40 ಓಮ್ ಎಂದು ಊಹಿಸಿರಿ. ಕಾರು ತೊಳೆಯುವ ಪಂಪಿನೊಳಗೆ ತಂತಿಯ ಹೊದಿಕೆ ಸವೆದು ವಿದ್ಯುತ್ತು ಅದರ ಲೋಹದ ಮೈಗೆ ತಾಗಿತು. ನೆಲಕ್ಕೆ ಹರಿಯುವ ಪ್ರವಾಹವೆಷ್ಟು? 230ನ್ನು 40ರಿಂದ ಭಾಗಿಸಿರಿ. ಆರು ಆಂಪಿಯರನ್ನೂ ಮುಟ್ಟಲಿಲ್ಲ. ಹದಿನಾರು ಆಂಪಿಯರಿನ ಎಂ.ಸಿ.ಬಿ. ಇದನ್ನು ಸಾಮಾನ್ಯ ಭಾರವೆಂದೇ ಎಣಿಸಿ ಸುಮ್ಮನಿರುವುದು. ಪಂಪಿನ ಮೈಯಾದರೋ ಹೆಚ್ಚುಕಡಮೆ 230 ವೋಲ್ಟಿನಲ್ಲಿ ಕಾದು ನಿಂತಿರುವುದು. ಒದ್ದೆ ಕಾಲಿನಿಂದ ಬಂದು ಮುಟ್ಟಿದವನ ದೇಹದ ರೋಧವನ್ನು ಸ್ಥೂಲವಾಗಿ 1000 ಓಮ್ ಎಂದಿಟ್ಟುಕೊಂಡರೆ ಅವನಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಲಯ ಕೆಡಲು ಇದಕ್ಕಿಂತ ಬಹಳ ಕಡಮೆ ಸಾಕು. ಇಷ್ಟೆಲ್ಲ ನಡೆಯುವಾಗಲೂ ಶೆಡ್ಡಿನ ದೀಪ ಚೆನ್ನಾಗಿಯೇ ಬೆಳಗುತ್ತಿರುವುದು.

ಪರಿಹಾರ ಎರಡು, ಎರಡೂ ಬೇಕು. ಮನೆಯ ಭೂಸಂಪರ್ಕದಿಂದಲೇ ಮೂರನೆಯ ತಂತಿಯನ್ನು ಶೆಡ್ಡಿನವರೆಗೆ ಒಯ್ಯುವುದು ಒಂದು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಅಳವಡಿಸುವುದು ಇನ್ನೊಂದು. ಇದರ ತತ್ತ್ವ ಬಹು ಸೊಗಸಾದುದು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದೇ ಬಳೆಯಾಕಾರದ ಕಾಂತೀಯ ತಿರುಳಿನ ಮೂಲಕ ಹಾಯಿಸಿರುವರು. ಹೋದಷ್ಟೇ ಪ್ರವಾಹ ಹಿಂದಿರುಗುತ್ತಿದ್ದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುವುವು. ಸ್ವಲ್ಪಾಂಶ ಮನುಷ್ಯನ ಮೂಲಕ ನೆಲಕ್ಕೆ ಸೋರಿದೊಡನೆ ಸಮತೋಲ ತಪ್ಪಿ, ತಿರುಳಿನ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಸ್ವಿಚ್ಚು ಬೀಳುವುದು. ಆದರೆ ಎರಡೂ ತಂತಿಗಳನ್ನು ಏಕಕಾಲಕ್ಕೆ ಹಿಡಿದವನನ್ನು ಇದು ಉಳಿಸಲಾರದು. ಅಲ್ಲಿ ಸೋರಿಕೆಯೇ ಇಲ್ಲವಲ್ಲ!

ಈ ಕೆಲಸವನ್ನು ಯಾರಿಗೆ ವಹಿಸಬೇಕು? ಬಲ್ಬು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವುದರ ಹೊರತು ಉಳಿದ ವೈರಿಂಗ್ ಕೆಲಸವನ್ನು ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡತಕ್ಕದ್ದೆಂಬ ಕಟ್ಟಳೆ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಇತ್ತು. ಇಂದಿನ ಕೇಂದ್ರ ನಿಯಮಾವಳಿಯಲ್ಲಿಯೂ ಉಳಿದಿದೆ. ಪರವಾನಗಿಯವನು ದುಬಾರಿ, ಬೀದಿಯ ವೈರ್‌ಮನ್ನನೇ ಸಾಕು ಎಂಬ ವಾದ ನಮಗೆ ಕೇಳಿಸದೆ ಇಲ್ಲ. ಆ ವೈರ್‌ಮನ್ನರಲ್ಲಿ ಅನೇಕರು ಕೈಚಳಕದಲ್ಲಿ ಯಾರಿಗೂ ಕಡಮೆಯಲ್ಲ. ವಾರವೆಲ್ಲ ಕಾರ್ಖಾನೆಯ ಪ್ಯಾನೆಲ್ಲುಗಳಲ್ಲಿ ಶಿಸ್ತಾಗಿ ದುಡಿದು, ಭಾನುವಾರ ಮಾತ್ರ ಶಿಸ್ತನ್ನು ಗೇಟಿನಲ್ಲೇ ಬಿಟ್ಟುಬರುವವರೂ ಅವರಲ್ಲುಂಟು. ಅವರ ಬಳಿ ಇಲ್ಲದಿರುವುದು ಜ್ಞಾನವಲ್ಲ, ಅಳೆಯುವ ಉಪಕರಣ. ಮತ್ತು ಅಳೆಯಿರೆಂದು ಕೇಳುವ ಗಿರಾಕಿ. ಹಾಗೆಯೇ, ಪರವಾನಗಿಯ ಕಾಗದವೊಂದೇ ರಕ್ಷೆಯಲ್ಲ. ಸ್ಥಳಕ್ಕೆ ಬಾರದೆಯೇ ಹಾಕಿದ ಸಹಿ ಪಂಪಿನ ಮೈಯಲ್ಲಿನ ವೋಲ್ಟೇಜನ್ನು ಇಳಿಸುವುದಿಲ್ಲ.

ಆದುದರಿಂದ ಅಂದಾಜು ಪಟ್ಟಿಯನ್ನು ಕೇಳುವಾಗಲೇ ಅಳತೆಗಳನ್ನೂ ಕೇಳತಕ್ಕದ್ದು. ಮೆಗ್ಗರಿನಿಂದ 500 ವೋಲ್ಟಿನಲ್ಲಿ ಪರೀಕ್ಷಿಸಿದಾಗ ತಂತಿಯ ಹೊದಿಕೆಯ ರೋಧ ಒಂದು ಮೆಗಓಮಿಗೆ ಕಡಮೆಯಿಲ್ಲವೆಂದು, ಭೂಸಂಪರ್ಕದ ರೋಧ ಇಂತಿಷ್ಟೆಂದು, ಆರ್.ಸಿ.ಸಿ.ಬಿ. ಬಿದ್ದು ನೋಡಲಾಯಿತೆಂದು ಬರೆದು ಸಹಿ ಮಾಡಿದ ಹಾಳೆಯನ್ನು ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಬೇಕು. ಕೇಬಲ್ಲು ನೆಲದೊಳಗೆ ಹೋಗುವುದಾದರೆ ಅದು ಉಕ್ಕಿನ ಕವಚವುಳ್ಳದ್ದಾಗಿರಲಿ. ನಾಳೆ ತೆಂಗಿನ ಬುಡ ಅಗೆಯುವವನಿಗೆ ಅದರ ದಾರಿ ತಿಳಿದಿರಲಿ. ಬೆಸ್ಕಾಂ ಮಂಜೂರು ಮಾಡಿರುವ ಭಾರ ಕಾರಿಗೂ ಸಾಲುವುದೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಶೆಡ್ಡಿನಲ್ಲಿ ವ್ಯಾಪಾರದ ಕೆಲಸ ನಡೆಸುವುದಾದರೆ ಮನೆಯ ಮೀಟರಿನಿಂದ ಅದನ್ನು ಮಾಡುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆಯಾಗುವುದು.

ಪಟ್ಟಿ ಹೆಚ್ಚಾಯಿತೆಂದಾಗ ಯಜಮಾನರ ಕತ್ತರಿ ಮೊದಲು ಬೀಳುವುದು ಮೂರನೆಯ ತಂತಿಯ ಮೇಲೆ, ಏಕೆಂದರೆ ಅದಿಲ್ಲದೆಯೂ ಎಲ್ಲವೂ ನಡೆಯುತ್ತದೆ. ಎರಡನೆಯದಾಗಿ ಪರೀಕ್ಷೆಯ ಕೂಲಿಯ ಮೇಲೆ. ಒಳ್ಳೆಯ ಕೆಲಸಗಾರನು ಕಾರನ್ನು ಚಾರ್ಜಿಗೆ ಹಾಕಿ, ಒಂದು ಗಂಟೆ ಕಾದು, ಪ್ಲಗ್ಗೂ ಎಂ.ಸಿ.ಬಿ.ಯೂ ಬಿಸಿಯಾಗಿವೆಯೇ ಎಂದು ನೋಡಿಯೇ ಹೊರಡುವನು. ಕುಳಿತಿದ್ದಾನೆಂದು ಆ ಒಂದು ಗಂಟೆಯ ಕೂಲಿಯನ್ನು ಅವನಿಗೆ ಕಡಿಯಬಾರದು.