ಒಪ್ಪಿಗೆ ಕೇಳುವುದಿದ್ದರೆ ಕನ್ನಡದಲ್ಲಿ ಕೇಳಲಿ

ಜತ್ ಅಥವಾ ಅಕ್ಕಲಕೋಟೆ ತಾಲೂಕಿನ ಯಾವುದೇ ಸೇವಾ ಕೇಂದ್ರದ ಮುಂದೆ ಒಂದು ತಾಸು ನಿಂತು ನೋಡಿದರೆ ಸಾಕು. ಸಾತ್‌ಬಾರಾ ಉತಾರೆಗೆ ಬಂದ ರೈತ, ಪಿಂಚಣಿಗೆ ಬಂದ ಮುದುಕಿ, 'ಲಾಡಕಿ ಬಹೀಣ' ಯೋಜನೆಯ ಕಾಗದ ಹಿಡಿದ ತಾಯಂದಿರು ಎಲ್ಲರೂ ಮಾಡುವ ಕೆಲಸ ಒಂದೇ. ಆಧಾರ್ ಝೆರಾಕ್ಸ್ ಕೊಡುತ್ತಾರೆ, ಮೊಬೈಲಿಗೆ ಬಂದ ಓಟಿಪಿ ಓದಿ ಹೇಳುತ್ತಾರೆ, ಯಂತ್ರದ ಮೇಲೆ ಬೆರಳು ಇಡುತ್ತಾರೆ. "ಇದ್ಯಾಕ್ರೀ ತಮ್ಮಾ?" ಎಂದು ಯಾರಾದರೂ ಕೇಳಿದರೆ "ಅದೆಲ್ಲಾ ಇರತೈತಿ, ನೀ ಬೆರಳ ಇಡಬೇ ಯವ್ವಾ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಅರ್ಜಿಯ ಕೊನೆಗೆ ಮರಾಠಿಯಲ್ಲಿ 'ಮಾಝೀ ಸಂಮತೀ ಆಹೆ' ಎಂದಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ ಒಂದು ಚೌಕದೊಳಗೆ ಗುರುತು ಹಾಕಿರುತ್ತದೆ. ಸಮ್ಮತಿ ಎಂಬ ಪದ ಕನ್ನಡ, ಮರಾಠಿ ಎರಡಕ್ಕೂ ಒಂದೇ. ಆದರೆ ಸಮ್ಮತಿ ಯಾವುದಕ್ಕೆ ಎಂಬುದು ಅದರ ಮೇಲಿನ ಸಾಲುಗಳಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ, ಕಚೇರಿಯ ಮರಾಠಿ ಬರುವುದಿಲ್ಲ. ಕಾಸರಗೋಡಿನಲ್ಲಿ ಮಲಯಾಳಂ, ತಾಳವಾಡಿಯಲ್ಲಿ ತಮಿಳು, ಆದೋನಿ, ಮಡಕಶಿರಾ ಕಡೆ ತೆಲುಗು. ಊರು ಬೇರೆಯಾದರೂ ಗಡಿನಾಡ ಕನ್ನಡಿಗರ ಪಾಡು ಇದೇ. ಓದದೇ ಒಪ್ಪುವುದು ರೂಢಿಯಾಗಿಬಿಟ್ಟಿದೆ.

"ನಮ್ಮಂಥವರ ಮಾಹಿತಿ ತಗೊಂಡು ಯಾರೇನ್ ಮಾಡ್ತಾರ್ ಬಿಡ್ರಿ" ಎನ್ನುವವರು ಬಹಳ. ಇದು ತಪ್ಪು ತಿಳಿವಳಿಕೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಆಯಿತು, ಓಟಿಪಿ ಬೇಕಿಲ್ಲ. ಬ್ಯಾಂಕ್ ದೂರ ಇರುವ ಹಳ್ಳಿಗೆ ಇದು ದೊಡ್ಡ ಅನುಕೂಲ, ನಿಜ. ಆದರೆ ನಕಲಿ ಬೆರಳಚ್ಚು ತಯಾರಿಸಿ ಇದೇ ದಾರಿಯಿಂದ ಖಾತೆ ಬರಿದು ಮಾಡಿದ ಪ್ರಕರಣಗಳು ದೇಶದ ಹಲವೆಡೆ ನಡೆದಿವೆ. ಬಡವನ ಖಾತೆಯಲ್ಲಿ ಇರುವುದು ಸಾವಿರವೋ ಎರಡು ಸಾವಿರವೋ. ಅದು ಹೋದರೆ ಆ ತಿಂಗಳ ಸಂತೆಯೇ ಹೋದಂತೆ.

ಖಾಸಗಿತನ ಎಂದರೆ ಪಟ್ಟಣದವರ ಮಾತು ಎಂದು ಭಾವಿಸಬೇಕಾಗಿಲ್ಲ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅವರು ಕೋರ್ಟಿಗೆ ಹೋದರು. 2024ರಲ್ಲಿ ಅವರು ತೀರಿಕೊಂಡರು. ಕನ್ನಡ ನಾಡಿನ ಈ ಹಿರಿಯರ ಹೆಸರಿನಲ್ಲೇ ಇಂದು ದೇಶದ ಖಾಸಗಿತನದ ಹಕ್ಕು ಗುರುತಿಸಲ್ಪಡುತ್ತದೆ. 2018ರ ಸೆಪ್ಟೆಂಬರ್ 26ರ ಇನ್ನೊಂದು ತೀರ್ಪಿನಲ್ಲಿ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳುವುದನ್ನು ಕೋರ್ಟು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಆಧಾರ್ ಜೋಡಿಸಲೇಬೇಕೆಂಬ ಒತ್ತಾಯವನ್ನು ರದ್ದು ಮಾಡಿತು. ಈ ಮಾತು ಎಷ್ಟು ಸಿಮ್ ಅಂಗಡಿಗಳಿಗೆ ಮುಟ್ಟಿದೆ?

ಇದರ ಬೆನ್ನಿಗೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಗಡಿನಾಡ ಕುಟುಂಬಗಳು ಮನದಟ್ಟು ಮಾಡಿಕೊಳ್ಳಬೇಕಾದದ್ದು ಈ ಕಾಯ್ದೆಯ 5 ಮತ್ತು 6ನೇ ಕಲಂಗಳನ್ನು. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸುವ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎಂದು ಅಲ್ಲಿ ಹೇಳಿದೆ. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯದಲ್ಲಿ ವಾಸ ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಸೊಲ್ಲಾಪುರದ ಬ್ಯಾಂಕಿರಲಿ, ಮೊಬೈಲಿನ ಸಾಲದ ಆಪ್ ಇರಲಿ, "ಕನ್ನಡದಾಗ ತೋರಸ್ರಿ" ಎಂದು ಕೇಳುವುದು ಹಕ್ಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ, ಮಾಹಿತಿ ತಿದ್ದಿಸುವ, ಅಳಿಸುವ ಹಕ್ಕುಗಳೂ ಇದೇ ಕಾಯ್ದೆಯಲ್ಲಿವೆ. ಮಾಹಿತಿಯನ್ನು ಭದ್ರವಾಗಿ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಉಂಟು.

ಆದರೆ ಪೂರ್ತಿ ಸಮಾಧಾನ ಪಡುವಂತಿಲ್ಲ. ಅಧಿಸೂಚನೆಯಂತೆ ಸೂಚನೆ ಮತ್ತು ಒಪ್ಪಿಗೆಯ ಈ ಮುಖ್ಯ ಕಲಂಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ. ಸರ್ಕಾರ ಸವಲತ್ತು ಕೊಡುವಾಗ ಒಪ್ಪಿಗೆ ಪಡೆಯಬೇಕಿಲ್ಲ ಎಂಬ ವಿನಾಯ್ತಿಯೂ ಇದೆ. ಅಲ್ಲಿಯೂ ಕನ್ನಡಿಗ ಬಾಯಿ ಮುಚ್ಚಿ ಕೂರಬೇಕಿಲ್ಲ. ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಬರೆದುಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ತಹಶೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಅದು ಉಪಕಾರ ಬೇಡಿದಂತಲ್ಲ.

ಇನ್ನು ಇವತ್ತೇ ಮಾಡಬಹುದಾದ ಕೆಲಸಗಳಿವೆ, ಅವಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆಧಾರ್ ಪ್ರಾಧಿಕಾರದ 'ಮೈ ಆಧಾರ್' ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಬೀಗ ಬಿದ್ದ ಮೇಲೆ ನಕಲಿ ಬೆರಳು ನಡೆಯುವುದಿಲ್ಲ. ರೇಷನ್ ತರುವ ದಿನ ತಾತ್ಕಾಲಿಕವಾಗಿ ತೆರೆದರಾಯಿತು. ಕಳೆದ 6 ತಿಂಗಳಲ್ಲಿ ಆಧಾರ್ ಯಾವಾಗ, ಎಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಪ್ರತಿಯನ್ನೂ ಇಳಿಸಿಕೊಳ್ಳಬಹುದು. ಲಾಡ್ಜ್‌ಗೋ ಬಾಡಿಗೆ ಮನೆಗೋ ಅದೇ ಸಾಕು. ಇದಕ್ಕೆಲ್ಲ ಆಧಾರ್‌ಗೆ ಸ್ವಂತ ಮೊಬೈಲ್ ಸಂಖ್ಯೆ ಜೋಡಣೆ ಆಗಿರಬೇಕು. ಪಕ್ಕದ ಮನೆಯವರ ನಂಬರ್ ಕೊಟ್ಟವರು ಮೊದಲು ಅದನ್ನು ಬದಲಿಸಿಕೊಳ್ಳುವುದು ಲೇಸು. ಜಾಲತಾಣ ನೋಡಲು ಬಾರದವರು 1947ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ದೂರಸಂಪರ್ಕ ಇಲಾಖೆ 2023ರಲ್ಲಿ ತೆರೆದ 'ಸಂಚಾರ ಸಾಥಿ' ತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಚಾಲ್ತಿಯಲ್ಲಿವೆ ಎಂದು ನೋಡಬಹುದು. ತಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು, ಕಳೆದುಹೋದ ಫೋನನ್ನು ಬಂದ್ ಮಾಡಿಸಬಹುದು. ಈ ಆಪ್ ಎಲ್ಲ ಹೊಸ ಫೋನುಗಳಲ್ಲೂ ಇರಲೇಬೇಕೆಂದು 2025ರ ನವೆಂಬರ್ ಕೊನೆಗೆ ಹೊರಟ ಆದೇಶವನ್ನು ಜನರ ವಿರೋಧದಿಂದ ಡಿಸೆಂಬರ್ ಮೊದಲ ವಾರದಲ್ಲೇ ಹಿಂತೆಗೆಯಲಾಯಿತು. ಕೇಳಿದರೆ ಆಗುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಬೇಕು. ನಾಳೆ ನೋಡಿದರಾಯಿತು ಎಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಒಂದು ಎಚ್ಚರಿಕೆ: ಇವೆಲ್ಲ ಸರ್ಕಾರಿ ತಾಣಗಳು, ವಿಳಾಸ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ವಾಟ್ಸಾಪಿನಲ್ಲಿ ಬಂದ ಕೊಂಡಿ ಒತ್ತಿ ಹೋಗುವುದು ಬೇಡ.

ಇಷ್ಟೆಲ್ಲ ಸೌಲಭ್ಯ ಇದ್ದೂ ಹಳ್ಳಿಗೆ ಮುಟ್ಟಿಲ್ಲದಿರುವುದು ವಿಷಾದದ ಸಂಗತಿ. ಪ್ರತಿ ಸೇವಾ ಕೇಂದ್ರದ ಗೋಡೆಯ ಮೇಲೆ ಈ ಎರಡು ಸಹಾಯವಾಣಿಗಳನ್ನು ಕನ್ನಡದಲ್ಲೂ ಬರೆಸಲು ಜಿಲ್ಲಾಡಳಿತಕ್ಕೆ ಏನು ಕಷ್ಟ? ಗಡಿಯಾಚೆಯ ಕನ್ನಡ ಕಾರ್ಯಕ್ರಮಗಳಿಗೆ ನೆರವು ನೀಡುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಒಂದು ಸಣ್ಣ ಕನ್ನಡ ಕೈಪಿಡಿ ಅಚ್ಚು ಹಾಕಿಸಿ ಹಂಚಬಾರದೇಕೆ? ರಾಜ್ಯೋತ್ಸವದ ವೇದಿಕೆಯಲ್ಲಿ ಹಾರ ತುರಾಯಿಗೆ ಹೋಗುವ ದುಡ್ಡಿನಲ್ಲೇ ಇದು ಆದೀತು. ಜಿಲ್ಲಾ ಪರಿಷತ್ ಕನ್ನಡ ಶಾಲೆಗಳ ಗುರುಗಳು ಶನಿವಾರದ ಒಂದು ತಾಸು ಇದಕ್ಕೆ ಮೀಸಲಿಟ್ಟರೆ ಮಕ್ಕಳೇ ಮನೆಯಲ್ಲಿ ಹಿರಿಯರಿಗೆ ತಿಳಿಸಿ ಹೇಳುತ್ತಾರೆ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಎಂಬ ಭಾಷಣಗಳಿಗೆ ಬರವಿಲ್ಲ. ಹಬ್ಬದ ದಿನ ಹಾಡಿದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ, ಬ್ಯಾಂಕಿನ ಕಿಟಕಿಯಲ್ಲೂ ಅದು ಕೆಲಸಕ್ಕೆ ಬರಬೇಕು. ಮುಂದಿನ ಸಲ ಯಂತ್ರ ಮುಂದೆ ಬಂದಾಗ ಆ ಮುದುಕಿ ಬೆರಳು ಇಡುವ ಮೊದಲು "ಇದರಾಗ ಏನ್ ಬರದೈತಿ, ಕನ್ನಡದಾಗ ಓದಿ ಹೇಳಪಾ" ಎಂದು ಕೇಳಲಿ. ಹೇಳುವ ತನಕ ಬೆರಳು ಸೆರಗಿನೊಳಗೇ ಇರಲಿ.