ಅಕಾಲ ಮರಣವನ್ನು ಹಣೆಬರಹವೆನ್ನುವ ಮುನ್ನ

ಶ್ರೀಮಠದ ಜಾತ್ರೆಗೆ ಇನ್ನು ಕೆಲವೇ ವಾರಗಳು ಉಳಿದಿವೆ. ಆಮಂತ್ರಣ ಪತ್ರಿಕೆಯ ಕರಡನ್ನು ತಿದ್ದುತ್ತ ಕುಳಿತಿದ್ದಾಗಲೇ ಕಾರ್ಯಾಲಯಕ್ಕೆ ಒಂದು ಕರೆ ಬಂದಿತು. ಸಮೀಪದ ಗ್ರಾಮದ ಭಕ್ತರೊಬ್ಬರ ಮಗ, ಇನ್ನೂ ಮದುವೆಯಾಗದ ಯುವಕ, ರಾತ್ರಿ ಬೈಕಿನಲ್ಲಿ ಊರಿಗೆ ಮರಳುವಾಗ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂಬದಿಗೆ ಅಪ್ಪಳಿಸಿ ತೀರಿಕೊಂಡಿದ್ದನು. ಟ್ರೈಲರಿನ ಹಿಂದೆ ಕೆಂಪು ದೀಪವಿರಲಿಲ್ಲ. ಹುಡುಗನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಪೂಜ್ಯ ಅಪ್ಪಗಳು ಸಮಾಧಿ ಕ್ರಿಯೆಗೆ ತೆರಳಿದಾಗ ನಾವೂ ಜೊತೆಗಿದ್ದೆವು. ನೆರೆದವರ ಬಾಯಲ್ಲಿದ್ದುದು ಒಂದೇ ಮಾತು: "ಅವನ ಹಣ್ಯಾಗ ಅಷ್ಟ ಬರದಿತ್ತು." ಹಿರಿಯರೊಬ್ಬರು ಪಂಚಾಂಗ ತೆಗೆಸಿ, ಸತ್ತ ನಕ್ಷತ್ರ ಯಾವುದು, ಮನೆಯನ್ನು ಎಷ್ಟು ತಿಂಗಳು ಬಿಡಬೇಕು ಎಂದು ವಿಚಾರಿಸುತ್ತಿದ್ದರು. ಟ್ರೈಲರಿನ ದೀಪದ ಕುರಿತು ವಿಚಾರಿಸಿದವರನ್ನು ನಾವು ಕಾಣಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ತಿಥಿ, ವಾರ, ನಕ್ಷತ್ರಗಳ ಭೀತಿಯನ್ನು ನಿರಾಕರಿಸಿದರು. ನಾವು ಅವರ ಭಾವಚಿತ್ರಗಳನ್ನು ಮೆರವಣಿಗೆ ಮಾಡುತ್ತೇವೆ, ಸಾವಿನ ಮನೆಯಲ್ಲಿ ಮಾತ್ರ ಪಂಚಾಂಗವನ್ನೇ ಹುಡುಕುತ್ತೇವೆ. ಶರಣರು ಮರಣಕ್ಕೆ ಅಂಜಲಿಲ್ಲವೆಂಬುದೂ ನಿಜ. ಆದರೆ ಮರಣಕ್ಕೆ ಅಂಜದಿರುವುದು ಬೇರೆ, ಅದು ಬರುವ ದಾರಿಯನ್ನು ನಾವೇ ಸ್ವಚ್ಛಗೊಳಿಸಿ ಇಡುವುದು ಬೇರೆ. ಮೇಲೆ ಹೇಳಿದ ಸಾವಿಗೆ ಹಣೆಬರಹದ ಅವಶ್ಯಕತೆಯೇ ಇರಲಿಲ್ಲ. ಒಂದು ದೀಪ, ಒಂದು ಹೆಲ್ಮೆಟ್ ಇದ್ದಿದ್ದರೆ ಪ್ರಾಯಶಃ ಆ ಹುಡುಗ ಇಂದು ಜಾತ್ರೆಯ ಸ್ವಯಂಸೇವಕರ ಪಟ್ಟಿಯಲ್ಲಿರುತ್ತಿದ್ದನು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 4.30 ಲಕ್ಷಕ್ಕೂ ಅಧಿಕ ಜನರು ಆಕಸ್ಮಿಕಗಳಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ರಸ್ತೆಗಳ ಮೇಲೆ ಸತ್ತವರ ಸಂಖ್ಯೆ 1,68,491 ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಲೆಕ್ಕ ಕೊಟ್ಟಿದೆ. ಇವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ 50 ಸಾವಿರ. ನಮ್ಮ ರಾಜ್ಯದ ಪಾಲು 11 ಸಾವಿರಕ್ಕೂ ಮಿಗಿಲು. ಸತ್ತವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ 18ರಿಂದ 45 ವರ್ಷದೊಳಗಿನವರು, ಅಂದರೆ ಮನೆಯ ನೊಗ ಹೊತ್ತವರು. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಿಂದಲೇ ಆದೇಶವಿದೆ. ಆದರೂ ನಮ್ಮ ಭಾಗದಲ್ಲಿ ಹೆಲ್ಮೆಟ್ ಎಂಬುದು ಪೊಲೀಸರು ನಿಲ್ಲುವ ಸರ್ಕಲ್ಲಿನಿಂದ ಸರ್ಕಲ್ಲಿಗೆ ಮಾತ್ರ ತಲೆಯೇರುವ ವಸ್ತು. ಉಳಿದ ದಾರಿಯಲ್ಲಿ ಅದು ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತದೆ.

ಭಕ್ತಿಯ ಪ್ರಯಾಣವೂ ಈ ಲೆಕ್ಕದಿಂದ ಹೊರತಲ್ಲ. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಕ್ಷೇತ್ರದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಭಕ್ತರ ವಾಹನವು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬಡಿದು 13 ಜನರು ಮೃತಪಟ್ಟರು. ಇಂಥ ಯಾತ್ರೆಗಳು ನಡೆಯುವ ಬಗೆ ನಮಗೆಲ್ಲ ತಿಳಿದದ್ದೇ. ಲಾಜಿನ ಖರ್ಚು ಉಳಿಯಲೆಂದು ರಾತ್ರಿ ಪ್ರಯಾಣ, ಹಗಲು ದರ್ಶನ, ಮತ್ತೆ ರಾತ್ರಿ ಪ್ರಯಾಣ. ಯಾತ್ರಿಕರು ಹಿಂದಿನ ಸೀಟಿನಲ್ಲಿ ಮಲಗುತ್ತಾರೆ, ಚಾಲಕನು ಯಾವಾಗ ಮಲಗಿದನೆಂದು ಕೇಳುವವರು ಇರುವುದಿಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರ ನಡುವೆ ದೇಹವು ತಾನಾಗಿ ನಿದ್ರೆಗೆ ಜಾರುತ್ತದೆ, ಆಗ ಚಹಾ ಕುಡಿಸಿ ಗಾಡಿ ಓಡಿಸುವುದು ಪರಿಹಾರವಲ್ಲ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೆಣ್ಣುಮಕ್ಕಳನ್ನು, ಕೂಸುಗಳನ್ನು ತುಂಬಿಕೊಂಡು ಜಾತ್ರೆಗೆ ಬರುವುದಂತೂ ನಮ್ಮಲ್ಲಿ ಸಂಭ್ರಮವೆಂದೇ ಎಣಿಕೆಯಾಗಿದೆ. ಟ್ರೈಲರು ಸರಕು ಸಾಗಿಸಲು ಮಾಡಿದ್ದು. ಅದು ಮಗುಚಿದರೆ ಒಳಗಿದ್ದವರೆಲ್ಲ ಅದರ ಕೆಳಗೇ ಸಿಲುಕುತ್ತಾರೆ.

ಜಾತ್ರೆಯ ಇನ್ನೊಂದು ಅಪಾಯ ತಲೆಯ ಮೇಲೆ ತೂಗುತ್ತಿರುತ್ತದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ ಗ್ರಾಮದಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ತಮಿಳುನಾಡಿನ ತಂಜಾವೂರು ಸಮೀಪದ ಕಳಿಮೇಡುವಿನಲ್ಲಿ 2022ರ ಏಪ್ರಿಲ್‌ನಲ್ಲಿ ತೇರಿಗೇ ಹೈಟೆನ್ಷನ್ ತಂತಿ ತಗುಲಿ 11 ಜನರು ಅಸುನೀಗಿದರು. ಕಬ್ಬಿಣದ ಚೌಕಟ್ಟಿನ ಫ್ಲೆಕ್ಸ್, ಹಸಿಯಾದ ನೆಲ, ಬರಿಗಾಲು, ಇವು ಮೂರೂ ಒಟ್ಟಿಗೆ ಸೇರುವುದು ನಮ್ಮ ಜಾತ್ರೆಗಳಲ್ಲಿಯೇ. ಶ್ರೀಗಳ ಭಾವಚಿತ್ರವಿರುವ ಫ್ಲೆಕ್ಸ್ ಕಟ್ಟಲು ಯಾರ ಮಗನೂ ಕಂಬ ಏರಬೇಕಾಗಿಲ್ಲ.

ನೀರಿನ ಮಾತಿಗೆ ಬಂದರೆ, 2014ರ ನಂತರ ಕೃಷಿಭಾಗ್ಯ ಯೋಜನೆಯಿಂದ ಬರದ ನಾಡಿನ ಹೊಲಗಳಲ್ಲಿ ಹೊಂಡಗಳು ತುಂಬಿದವು, ಬೆಳೆಗಳು ಉಳಿದವು. ಅದು ಉಪಕಾರವೇ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಪಾಚಿಗಟ್ಟಿದಾಗ ಈಜು ಬಲ್ಲವನೂ ಹತ್ತಿ ಬರಲಾರನು. ಜಾರಿದ ಮಗುವನ್ನು ಎತ್ತಲು ಇಳಿದ ತಾಯಿಯೂ ಅಲ್ಲಿಯೇ ಉಳಿಯುತ್ತಾಳೆ. ತಂತಿಬೇಲಿ ಹಾಕಿಸುವವರೆಗೂ ಕಾಯದೆ, ಹತ್ತಡಿಗೊಂದು ಗಂಟು ಹಾಕಿದ ಹಗ್ಗವನ್ನು ನಾಲ್ಕೂ ದಿಕ್ಕಿನಲ್ಲಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟರೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಪಕ್ಕದಲ್ಲಿಡಬೇಕು. ನೀರು ಬೀಳದ ಕೊಳವೆಬಾವಿಯ ಬಾಯಿ ಮುಚ್ಚುವುದನ್ನು ಹೇಳಲೇಬೇಕಾಗಿದೆ, ಏಕೆಂದರೆ 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಮಗು ಉಳಿಯಲಿಲ್ಲ. 2024ರಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದ ಎರಡು ವರ್ಷದ ಕೂಸು ಸುಮಾರು ಇಪ್ಪತ್ತು ತಾಸುಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆ ಬಂದಿತು. ಎರಡನೆಯದನ್ನು ನಾವೆಲ್ಲ ಪವಾಡವೆಂದೆವು. ಒಂದು ಮುಚ್ಚಳವಿದ್ದಿದ್ದರೆ ಪವಾಡದ ಪ್ರಮೇಯವೇ ಬರುತ್ತಿರಲಿಲ್ಲ.

ಹಾವಿನ ವಿಷಯದಲ್ಲಿ ನಾವು ಅನ್ಯರತ್ತ ಬೆರಳು ತೋರಿಸುವ ಸ್ಥಿತಿಯಲ್ಲಿಲ್ಲ. ಕೆಲವು ವರ್ಷಗಳ ಹಿಂದಿನ ಮುಂಗಾರಿನಲ್ಲಿ, ಹೊಲದಲ್ಲಿ ಹಾವು ಕಡಿದ ರೈತರೊಬ್ಬರನ್ನು ಮನೆಯವರು ಆಸ್ಪತ್ರೆಗೆ ಒಯ್ಯದೆ ನೇರವಾಗಿ ಮಠಕ್ಕೆ ಕರೆತಂದರು. ಪೂಜೆಯ ಸಮಯವಾಗಿತ್ತು. ಬಾಗಿಲಲ್ಲಿದ್ದ ಸೇವಕರು, ಅಪ್ಪಗಳು ಪೂಜೆಯಲ್ಲಿದ್ದಾರೆ, ಸ್ವಲ್ಪ ಕೂಡ್ರಿ ಎಂದರು. ನಾವು ಕಾರ್ಯಾಲಯದಲ್ಲಿ ಲೆಕ್ಕ ಬರೆಯುತ್ತಿದ್ದೆವು, ಹೊರಗೆ ಕುಳಿತವರನ್ನು ಕಂಡೂ ಏಕೆಂದು ಕೇಳಲಿಲ್ಲ. ಅರ್ಧ ಗಂಟೆ ಕಳೆಯಿತು. ವಿಷಯ ತಿಳಿದು ಮಠದ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದಾಗ ಅವರು ದಾರಿಯಲ್ಲಿಯೇ ಕೊನೆಯುಸಿರೆಳೆದರು. ಆ ಅರ್ಧ ಗಂಟೆಯ ಹೊಣೆಯಿಂದ ನಾವು ಇಂದಿಗೂ ಬಿಡುಗಡೆ ಹೊಂದಿಲ್ಲ. ಅಂದು ಸಂಜೆ ಅಪ್ಪಗಳು ಎಲ್ಲರನ್ನೂ ಕರೆದು ಹೇಳಿದ್ದು ಇಷ್ಟು: "ಇಂಥವರು ಬಂದರ ನನ್ನ ಕೇಳಬ್ಯಾಡ್ರಿ. ಪೂಜಿ ನಡೀಲಿ, ಗಾಡಿ ಹೊರಡಲಿ. ವಿಭೂತಿ ಆಮ್ಯಾಲೆ ಹಚ್ಚೂಣು." ಅಂದಿನಿಂದ ಜೀಪಿನ ಕೀಲಿ ಬಾಗಿಲ ಬಳಿಯ ಮೊಳೆಯಲ್ಲಿಯೇ ತೂಗುತ್ತಿದೆ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಔಷಧಿಯಿದೆ. ಆದ್ದರಿಂದ ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ತರುವ ಕೆಲಸ ಬೇಡ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಬೇರು ತಿನ್ನಿಸುವುದು ಇವೆಲ್ಲ ಕೇಡು ಮಾಡುತ್ತವೆ. ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗದ ಹಾಗೆ ಪಟ್ಟಿ ಕಟ್ಟಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ನೋವೂ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವೆಂದು ಎದ್ದವನ ಕಣ್ಣರೆಪ್ಪೆಗಳು ಜೋಲುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಅದು ಗಾಳಿಯ ಬಾಧೆಯಲ್ಲ, ಕೂಡಲೇ ಹೊರಡಬೇಕು. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರೆ ಬಹುಮಟ್ಟಿಗೆ ರಕ್ಷಣೆ ಸಿಗುತ್ತದೆ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಜನ ಹೆದರುವುದೂ ಒಂದು ಕಾರಣ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಪ್ರಾಣ ಹೋಗುವ ಮುನ್ನ ತನ್ನ ಅಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡನು. ಆತನ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ಅಪಘಾತಕ್ಕೀಡಾದವರ ಮೊದಲ 48 ಗಂಟೆಗಳ ಚಿಕಿತ್ಸೆಗೆ ಸಾಂತ್ವನ ಯೋಜನೆಯನ್ನು ಆರಂಭಿಸಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮಿನಂತೆ, ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 108ಕ್ಕೆ ಕರೆ ಮಾಡಿದವರು ಸಾಕ್ಷಿಯಾಗಲೇಬೇಕೆಂಬುದು ಹಳೆಯ ಹೆದರಿಕೆ.

ಮಠಗಳಿಗೆ ಇದೇನೂ ಹೊಸ ಕ್ಷೇತ್ರವಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆಯಲ್ಲಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿದು ಗಾಡಿ ಓಡಿಸದ ಎಷ್ಟು ಜನರ ಪ್ರಾಣ ಆ ಜೋಳಿಗೆಯಿಂದ ಉಳಿದಿರಬಹುದೋ ಲೆಕ್ಕ ಇಟ್ಟವರಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿಯೂ ಜಲಸಂರಕ್ಷಣೆ, ನೇತ್ರದಾನಗಳ ಜಾಥಾ ನಡೆದಿವೆ.

ಈ ಸಲದ ಜಾತ್ರಾ ಸಮಿತಿಯ ಸಭೆಯಲ್ಲಿ ಅಪ್ಪಗಳ ಅಪ್ಪಣೆಯಂತೆ ಕೆಲವು ಮಾತುಗಳು ತೀರ್ಮಾನವಾಗಿವೆ. ಟ್ರೈಲರಿನಲ್ಲಿ ಜನರನ್ನು ಕರೆತರುವ ಊರುಗಳಿಗೆ ಬದಲಾಗಿ ಬಸ್ ಬಿಡುವಂತೆ ಸಾರಿಗೆ ಘಟಕಕ್ಕೆ ಪತ್ರ ಬರೆಯಲಾಗಿದೆ. ದೂರದಿಂದ ಬರುವ ವಾಹನಗಳ ಚಾಲಕರಿಗೆ ಯಾತ್ರಿನಿವಾಸದಲ್ಲಿ ಎರಡು ಕೊಠಡಿಗಳನ್ನು ಮೀಸಲಿಡಲಾಗಿದ್ದು, ಅಲ್ಲಿ ಭಜನೆಯ ಧ್ವನಿವರ್ಧಕ ಇರುವುದಿಲ್ಲ. ತೇರು ಸಾಗುವ ಬೀದಿಯ ತಂತಿಗಳನ್ನು ಹೆಸ್ಕಾಂ ಸಿಬ್ಬಂದಿ ಬಂದು ಪರಿಶೀಲಿಸುವವರೆಗೆ ಕಳಸ ಏರಿಸುವುದಿಲ್ಲ. ತೇರಿನ ಬೀದಿಯ ಮಾತಿಗೆ ಸಭೆಯಲ್ಲಿ ಸ್ವಲ್ಪ ಗೊಣಗಾಟವಾಯಿತು, ಮುಹೂರ್ತ ತಪ್ಪೀತೆಂದು. ಅಪ್ಪಗಳು ನಕ್ಕು ಸುಮ್ಮನಾದರು.

ಮೊನ್ನೆ ತೀರಿಕೊಂಡ ಯುವಕನ ತಂದೆಯವರು ಕಳೆದ ಸೋಮವಾರ ಮಠಕ್ಕೆ ಬಂದಿದ್ದರು. ಮಗನ ಶಿವಗಣಾರಾಧನೆಯ ಪ್ರಸಾದಕ್ಕೆಂದು ಇಟ್ಟ ಹಣದಲ್ಲಿ ಅರ್ಧವನ್ನು ಕಬ್ಬಿನ ಟ್ರೈಲರುಗಳಿಗೆ ಹಚ್ಚುವ ಕೆಂಪು ರಿಫ್ಲೆಕ್ಟರ್ ಪಟ್ಟಿಗಳಿಗೆ ಕೊಡುವುದಾಗಿ ಹೇಳಿದರು. ಹೆಚ್ಚು ಮಾತನಾಡಲಿಲ್ಲ. ಆರಾಧನೆಯ ದಿನ ಬೆಳಿಗ್ಗೆ ಎಂಟು ಗಂಟೆಯಿಂದ ನಮ್ಮ ವಿದ್ಯಾರ್ಥಿ ನಿಲಯದ ಹುಡುಗರು ಮಠದ ಮೈದಾನದಲ್ಲಿ ಆ ಪಟ್ಟಿಗಳನ್ನು ಹಚ್ಚಿಕೊಡುವರು. ಟ್ರ್ಯಾಕ್ಟರ್ ಮಾಲೀಕರು ಲೋಡು ಇಳಿಸಿದ ಟ್ರೈಲರುಗಳನ್ನು ತೊಳೆದು ತರಬೇಕಾಗಿ ವಿನಂತಿ, ಮಣ್ಣಿನ ಮೇಲೆ ಪಟ್ಟಿ ಅಂಟುವುದಿಲ್ಲ.