ಪ್ರೇಕ್ಷಕನೇ ಬಂಡವಾಳ: ಗುಡ್‌ವುಡ್ ಮೋಟಾರು ಉತ್ಸವ ಕಲಿಸುವ ಲೆಕ್ಕ

ಜಾತ್ರೆಗೂ ವ್ಯಾಪಾರಕ್ಕೂ ಇರುವ ನಂಟು ನಮ್ಮ ನಾಡಿಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ದೇವರ ಉತ್ಸವವೂ ಉಂಟು, ದನಗಳ ಜಾತ್ರೆಯೂ ಉಂಟು. ಭಕ್ತನಾಗಿ ಬಂದವನು ಗ್ರಾಹಕನಾಗುತ್ತಾನೆ. ನೋಡಲು ಬಂದವನು ಕೊಂಡು ಹೋಗುತ್ತಾನೆ. ಆದರೆ ಆಧುನಿಕ ಉತ್ಸವಗಳನ್ನು ಏರ್ಪಡಿಸುವಾಗ ನಾವು ಈ ಹಳೆಯ ತಿಳಿವಳಿಕೆಯನ್ನು ಮರೆತುಬಿಡುತ್ತೇವೆ. ಪ್ರಾಯೋಜಕರಿಗೆ, ಗಣ್ಯರಿಗೆ, ಅಧಿಕಾರಿಗಳಿಗೆ ನೆರಳಿನ ಮೊದಲ ಸಾಲು. ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ ಬೇಲಿಯಾಚೆಯ ಬಿಸಿಲು. ಇದು ಸೌಜನ್ಯದ ಪ್ರಶ್ನೆ ಮಾತ್ರವಲ್ಲ, ಲೆಕ್ಕದ ಪ್ರಶ್ನೆಯೂ ಹೌದು. ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್ ಪ್ರಾಂತದಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ಗುಡ್‌ವುಡ್ 'ಫೆಸ್ಟಿವಲ್ ಆಫ್ ಸ್ಪೀಡ್' ಎಂಬ ಮೋಟಾರು ಉತ್ಸವವನ್ನು ಟಿಕೆಟ್ ಪಡೆದ ಸಾಮಾನ್ಯ ಪ್ರೇಕ್ಷಕನಾಗಿ ಕಂಡ ಮೇಲೆ ನನ್ನ ಈ ಅಭಿಪ್ರಾಯ ಇನ್ನಷ್ಟು ದೃಢವಾಗಿದೆ.

ಖರ್ಚಿನ ಆಸ್ತಿ ಆದಾಯದ ಆಸ್ತಿಯಾದ ಬಗೆ

ಗುಡ್‌ವುಡ್ ಎಂಬುದು ರಿಚ್ಮಂಡ್ ಡ್ಯೂಕ್ ಮನೆತನದ ಹತ್ತು ಸಾವಿರ ಎಕರೆಗೂ ಮೀರಿದ ಜಮೀನುದಾರಿ. 1802ರಿಂದ ಅಲ್ಲಿ ಸಾರ್ವಜನಿಕ ಕುದುರೆ ಪಂದ್ಯಗಳು ನಡೆಯುತ್ತಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಾಯುನೆಲೆ ಇತ್ತು. ಯುದ್ಧ ಮುಗಿದ ಮೇಲೆ ಆ ವಾಯುನೆಲೆಯ ಸುತ್ತುರಸ್ತೆಯನ್ನೇ 1948ರಲ್ಲಿ ಮೋಟಾರು ಪಂದ್ಯದ ಪಥವನ್ನಾಗಿ ಮಾರ್ಪಡಿಸಿದರು. ಕಾರುಗಳ ವೇಗ ಹೆಚ್ಚುತ್ತ ಹೋದಂತೆ ಪಥವನ್ನು ಅದಕ್ಕೆ ತಕ್ಕಂತೆ ಬದಲಿಸಲು ಮನಸ್ಸಿಲ್ಲದೆ 1966ರಲ್ಲಿ ಅಲ್ಲಿ ಪಂದ್ಯಗಳನ್ನು ನಿಲ್ಲಿಸಲಾಯಿತು.

ಇಂತಹ ದೊಡ್ಡ ಮನೆತನಗಳ ಕಷ್ಟ ಲೆಕ್ಕಿಗರಿಗೆಲ್ಲ ಪರಿಚಿತವೇ. ಆಸ್ತಿ ಅಪಾರ, ನಗದು ಅಲ್ಪ, ಮಾಳಿಗೆಯ ದುರಸ್ತಿಗೆ ಕೊನೆಯಿಲ್ಲ. ಆಗ ಲಾರ್ಡ್ ಮಾರ್ಚ್ ಎಂಬ ಬಿರುದಿನಿಂದ ಪರಿಚಿತರಾಗಿದ್ದ ಈಗಿನ ಡ್ಯೂಕ್ ಹಳೆಯ ಪಂದ್ಯಪಥವನ್ನು ಮತ್ತೆ ತೆರೆಯಬೇಕೆಂದಿದ್ದರು. ಅದಕ್ಕೆ ಅಗತ್ಯವಾದ ಅನುಮತಿ ಇರಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ತಮ್ಮ ಅರಮನೆಯ ಮುಂದಿನ ಖಾಸಗಿ ರಸ್ತೆಯಲ್ಲಿಯೇ 1993ರಲ್ಲಿ ಬೆಟ್ಟವೇರುವ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಅದೇ ರಸ್ತೆಯಲ್ಲಿ 1936ರಲ್ಲಿ ಅವರ ತಾತ ಲಾನ್ಸಿಯಾ ಕಾರು ಸಂಘದವರಿಗಾಗಿ ಅಂತಹದೇ ಒಂದು ಖಾಸಗಿ ಸ್ಪರ್ಧೆ ನಡೆಸಿದ್ದರು. ಮೊದಲ ವರ್ಷ ಉತ್ಸವ ಒಂದೇ ದಿನದ್ದು. ಬಂದವರು ಸುಮಾರು 25,000 ಮಂದಿ. ಇಂದು ಅದು ನಾಲ್ಕು ದಿನಗಳ ಉತ್ಸವ. ಹಳೆಯ ಪಂದ್ಯಪಥವೂ 1998ರಲ್ಲಿ, ಸರಿಯಾಗಿ ಐವತ್ತು ವರ್ಷಗಳಿಗೆ, 'ಗುಡ್‌ವುಡ್ ರಿವೈವಲ್' ಎಂಬ ಮತ್ತೊಂದು ಉತ್ಸವದೊಂದಿಗೆ ತೆರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಉತ್ಸವಕ್ಕಾಗಿ ಹೊಸ ಕ್ರೀಡಾಂಗಣ ಕಟ್ಟಲಿಲ್ಲ. ಇದ್ದ ರಸ್ತೆ, ಇದ್ದ ಹುಲ್ಲುಗಾವಲು, ಇದ್ದ ಮನೆ ಇವೇ ಬಂಡವಾಳವಾದವು. ರಸ್ತೆಯ ಉದ್ದ ಕೇವಲ 1.86 ಕಿಲೋಮೀಟರ್. ಇಕ್ಕೆಲಗಳಲ್ಲಿ ಒಣಹುಲ್ಲಿನ ಕಟ್ಟುಗಳ ಸಾಲು, ಅದರಾಚೆ ಜನ.

ಟಿಕೆಟ್ ಕೊಂಡವನಿಗೆ ದೊರೆಯುವುದೇನು?

ಫಾರ್ಮುಲಾ ಒನ್ ಪಂದ್ಯಗಳಲ್ಲಿ ಕಾರುಗಳನ್ನು ಸಜ್ಜುಗೊಳಿಸುವ ಆವರಣಕ್ಕೆ ಸಾಮಾನ್ಯ ಪ್ರೇಕ್ಷಕ ಕಾಲಿಡಲಾರ. ಗುಡ್‌ವುಡ್‌ನಲ್ಲಿ ಅದೇ ಆವರಣ ಉತ್ಸವದ ಹೃದಯ. ಒಂದು ಶತಮಾನಕ್ಕೂ ಹಳೆಯ ಕಾರು, ಐವತ್ತರ ದಶಕದ ಪಂದ್ಯದ ಕಾರು, ಈಚಿನ ವಿದ್ಯುತ್ ಕಾರು ಇವೆಲ್ಲ ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಎರಡು ಮಾರು ದೂರದಲ್ಲಿ ಮೆಕ್ಯಾನಿಕ್ ಎಂಜಿನ್ನನ್ನು ಕಾಯಿಸುತ್ತಿರುತ್ತಾನೆ. ಅದರ ಸದ್ದು ಕಿವಿಗಷ್ಟೇ ಅಲ್ಲ, ಎದೆಗೂ ತಾಕುತ್ತದೆ. ಪ್ರಸಿದ್ಧ ಚಾಲಕರು ಜನರ ನಡುವೆಯೇ ನಡೆದುಹೋಗುತ್ತಾರೆ. ಅಜ್ಜನೊಬ್ಬ ಮೊಮ್ಮಗನಿಗೆ ಕಾರ್ಬ್ಯುರೇಟರ್ ಎಂದರೇನು ಎಂದು ಬೆರಳು ಮಾಡಿ ವಿವರಿಸುವುದನ್ನು ಅಲ್ಲಿ ಕಂಡೆ. ಅಜ್ಜನ ಮಾತಿಗೆ ಕಾರಿನ ಮಾಲೀಕನೂ ಬಂದು ದನಿಗೂಡಿಸಿದ. ಪ್ರೇಕ್ಷಕ ಹಣ ಕೊಡುವುದು ಈ ಸಾಮೀಪ್ಯಕ್ಕೆ; ವೇಗವನ್ನು ದೂರದರ್ಶನದಲ್ಲಿಯೂ ನೋಡಬಹುದು.

'ರಿವೈವಲ್' ಉತ್ಸವದಲ್ಲಿ ಪ್ರೇಕ್ಷಕನ ಪಾತ್ರ ಇನ್ನೂ ದೊಡ್ಡದು. ಅಲ್ಲಿ ಓಡುವುದು ಪಥವು ಚಾಲ್ತಿಯಲ್ಲಿದ್ದ 1948ರಿಂದ 1966ರವರೆಗಿನ ಕಾಲಕ್ಕೆ ಸೇರಿದ ಬಗೆಯ ಕಾರುಗಳು. ಜನರೂ ಆ ಕಾಲದ ಉಡುಪು ತೊಟ್ಟು ಬರುತ್ತಾರೆ. ನೋಡುವವರೇ ನೋಟದ ಭಾಗವಾಗುತ್ತಾರೆ. ದರ್ಜಿಗಳಿಗೂ ಹಳೆಯ ಉಡುಪಿನ ವ್ಯಾಪಾರಿಗಳಿಗೂ ಅದರಿಂದ ಕೆಲಸ.

ಇಷ್ಟು ಸಾಮೀಪ್ಯ ಕೊಡುವವರಿಗೆ ಹೊಣೆಯೂ ಹೆಚ್ಚು. 2000ದ ಉತ್ಸವದಲ್ಲಿ ಕಾರೊಂದು ಅಪಘಾತಕ್ಕೀಡಾಗಿ ಅದರ ಚಾಲಕನೂ ಒಬ್ಬ ಮಾರ್ಷಲ್‌ನೂ ಮೃತಪಟ್ಟರು. ಸುರಕ್ಷತೆಯ ದೃಷ್ಟಿಯಿಂದ ಫಾರ್ಮುಲಾ ಒನ್ ಕಾರುಗಳ ಓಟಕ್ಕೆ ಅಧಿಕೃತ ಸಮಯ ದಾಖಲಿಸುವುದನ್ನು ಅಲ್ಲಿ ಕೈಬಿಟ್ಟಿದ್ದಾರೆ. ಟಿಕೆಟ್ ಮಾರಾಟ ಮುಂಚಿತವಾಗಿಯೇ ನಡೆಯುತ್ತದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. 2023ರ ಜುಲೈ 15ರ ಶನಿವಾರ ಬಿರುಗಾಳಿಯ ಮುನ್ಸೂಚನೆ ಬಂದಾಗ ಇಡೀ ದಿನದ ಕಾರ್ಯಕ್ರಮವನ್ನೇ ರದ್ದುಪಡಿಸಿದರು. ಹೆಚ್ಚು ಜನ ಸೇರುವ ವಾರಾಂತ್ಯದ ದಿನದ ಆದಾಯವನ್ನು ಬಿಟ್ಟುಕೊಡುವುದು ಸುಲಭದ ತೀರ್ಮಾನವಲ್ಲ. ಆದರೆ ಮುಂದಿನ ವರ್ಷವೂ ಜನ ಬರಬೇಕೆಂಬ ಇಚ್ಛೆಯುಳ್ಳವನು ಕೈಗೊಳ್ಳಬೇಕಾದ ತೀರ್ಮಾನ ಅದೇ.

ಸವಕಳಿಯ ಲೆಕ್ಕ, ಅಭಿಮಾನದ ಬೆಲೆ

ನಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರಕ್ಕೆ ಬಳಸುವ ಸಾಮಾನ್ಯ ಕಾರಿಗೆ ವರ್ಷಕ್ಕೆ ಶೇ. 15ರಂತೆ ಸವಕಳಿ. ನೂರು ರೂಪಾಯಿಯ ಕಾರು ಹತ್ತು ವರ್ಷಗಳಲ್ಲಿ ಪುಸ್ತಕದಲ್ಲಿ ಇಪ್ಪತ್ತು ರೂಪಾಯಿಗೂ ಕೆಳಗಿಳಿಯುತ್ತದೆ. ಬ್ರಿಟನ್ನಿನ ಕಾನೂನೂ ಕಾರನ್ನು ಸವೆದುಹೋಗುವ ವಸ್ತುವೆಂದೇ ಬಗೆದು, ಅದರ ಮಾರಾಟದ ಲಾಭವನ್ನು ಬಂಡವಾಳ ಲಾಭದ ತೆರಿಗೆಯಿಂದ ಹೊರಗಿಟ್ಟಿದೆ. ಆದರೆ 2013ರ ಉತ್ಸವದಲ್ಲಿ ಬೋನ್‌ಹ್ಯಾಮ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ, ವಾನ್ ಮಾನ್ವೆಲ್ ಫ್ಯಾಂಜಿಯೊ 1954ರಲ್ಲಿ ಓಡಿಸಿದ್ದ ಮರ್ಸಿಡಿಸ್ ಬೆಂಜ್ ಡಬ್ಲ್ಯು 196 ಕಾರು ಸುಮಾರು 1 ಕೋಟಿ 96 ಲಕ್ಷ ಪೌಂಡಿಗೆ ಮಾರಾಟವಾಯಿತು. ಹರಾಜಿನಲ್ಲಿ ಕಾರೊಂದಕ್ಕೆ ಅಲ್ಲಿಯವರೆಗೆ ದೊರೆತ ಅತಿ ಹೆಚ್ಚಿನ ಬೆಲೆ ಅದು.

ಕಬ್ಬಿಣ ಸವೆಯುತ್ತದೆ, ಕಥೆ ಸವೆಯುವುದಿಲ್ಲ. ಆ ಕಥೆಯನ್ನು ಜೀವಂತವಾಗಿಡುವವರು ವರ್ಷ ವರ್ಷವೂ ಬಂದು ನೋಡುವ ಜನ. ಪ್ರೇಕ್ಷಕರಿಲ್ಲದ ಕಡೆ ಹಳೆಯ ಕಾರು ಬರಿಯ ಗುಜರಿ. ಕಾರು ತಯಾರಕರೂ ಇದನ್ನು ಅರಿತಿದ್ದಾರೆ. ಬ್ರಿಟನ್ನಿನ ಅಂತಾರಾಷ್ಟ್ರೀಯ ಮೋಟಾರು ಪ್ರದರ್ಶನ 2008ರ ಬಳಿಕ ನಿಂತುಹೋದಾಗ, ಹೊಸ ಕಾರುಗಳನ್ನು ಜನರ ಮುಂದಿಡಲು ಅವರು ಆರಿಸಿಕೊಂಡ ಸ್ಥಳಗಳಲ್ಲಿ ಗುಡ್‌ವುಡ್ ಮುಖ್ಯವಾದುದು. 2010ರಿಂದ ಅಲ್ಲಿ ಅದಕ್ಕಾಗಿಯೇ ಗುರುವಾರ ಸೇರಿಕೊಂಡಿತು.

ನಮ್ಮ ಅನುಭವ

ಇದಕ್ಕೆ ಎದುರಾಗಿ ನಮ್ಮ ದೇಶದ ಉದಾಹರಣೆಯನ್ನು ನೋಡೋಣ. ಗ್ರೇಟರ್ ನೋಯ್ಡಾದ ಬುದ್ಧ ಪಂದ್ಯಪಥವನ್ನು ಭಾರಿ ವೆಚ್ಚದಲ್ಲಿ ಹೊಸದಾಗಿಯೇ ನಿರ್ಮಿಸಲಾಯಿತು. ಫಾರ್ಮುಲಾ ಒನ್ ಪಂದ್ಯ ಅಲ್ಲಿ ನಡೆದದ್ದು 2011ರಿಂದ 2013ರವರೆಗೆ, ಮೂರೇ ಬಾರಿ. ಅದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆಯ ವಿವಾದ ಬೆಳೆಯಿತು. ಕೆಲವೇ ದಿನ ಬಳಸಿದರೂ ಆ ಪಥವು ವಿದೇಶಿ ಕಂಪನಿಗೆ ಭಾರತದಲ್ಲಿನ ಕಾಯಂ ವ್ಯವಹಾರ ಸ್ಥಳವಾಗಿತ್ತು ಎಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಪಥ ನಿರ್ಮಿಸಿದ ಸಮೂಹದ ಪ್ರಮುಖ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ತೆರಿಗೆಯನ್ನು ದೂರುವುದು ಸುಲಭ. ಆದರೆ ವರ್ಷ ವರ್ಷವೂ ತಪ್ಪದೆ ಬರುವ ಪ್ರೇಕ್ಷಕ ಸಮುದಾಯವನ್ನು ಮೊದಲು ಕಟ್ಟದೆ ಕಾಂಕ್ರೀಟನ್ನು ಮೊದಲು ಕಟ್ಟಿದ್ದು ಮೂಲ ದೋಷವೆಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಕಾಂಕ್ರೀಟಿನ ಅಗತ್ಯವೇ ಇಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಅಮೂಲ್ಯ ವಾಹನಗಳಿವೆ. ಖಾಸಗಿ ಸಂಗ್ರಾಹಕರ ಶೆಡ್ಡುಗಳಲ್ಲಿ ಇನ್ನೂ ಅನೇಕ. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನೂ ರೂಪಿಸಿದೆ. ಅವುಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೂ ರ‍್ಯಾಲಿಗೂ ರಸ್ತೆಗಿಳಿಸಬಹುದು. ಹಾಗೆಂದ ಮೇಲೆ ಉತ್ಸವಗಳೇ ಅವುಗಳ ಬದುಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ವ್ಯಾಪಾರಿಗಳು, ಶಿವಾಜಿನಗರದ ಗುಜರಿಯವರು, ತಗಡನ್ನು ಸುತ್ತಿಗೆಯಿಂದಲೇ ತಿದ್ದಬಲ್ಲ ಟಿಂಕರಿಂಗ್ ಕುಶಲಿಗಳು, ಸೀಟು ಹೊಲಿಯುವವರು ಇವರ ವಿದ್ಯೆ ಮುಂದಿನ ತಲೆಮಾರಿಗೆ ದಾಟಬೇಕಾದರೆ ಆ ವಿದ್ಯೆಗೆ ಬೆಲೆ ಕೊಡುವ ಮಾರುಕಟ್ಟೆ ಬೇಕು.

ಈ ದಿಕ್ಕಿನಲ್ಲಿ ನಮ್ಮಂತಹ ವಾಣಿಜ್ಯ ಸಂಸ್ಥೆಗಳು ಮುಂದಾಗಬೇಕು. ನನ್ನ ಸಲಹೆಗಳು ಮೂರು. ಒಂದು, ಆರಂಭ ಚಿಕ್ಕದಾಗಿರಲಿ. ಒಂದೇ ದಿನ, ಒಂದೇ ಮೈದಾನ, ಕಾರುಗಳ ಪಕ್ಕದಲ್ಲಿ ಕುಶಲಕರ್ಮಿಗಳ ಮಳಿಗೆಗಳು. ಪಂದ್ಯದ ಮಾತು ಅನಂತರ. ಎರಡು, ಮೈದಾನದ ಸಾಮರ್ಥ್ಯವನ್ನು ಮೊದಲು ನಿಗದಿಪಡಿಸಿ ಅಷ್ಟೇ ಟಿಕೆಟ್ ಮಾರಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ ಈ ಮಾತಿಗೆ ಬೇರೆ ಸಮರ್ಥನೆ ಬೇಕಿಲ್ಲ. ಮೂರು, ಉಚಿತ ಪಾಸುಗಳ ಲೆಕ್ಕ. ಹೊರಹೋದ ಪ್ರತಿಯೊಂದು ಪಾಸಿಗೂ ಟಿಕೆಟ್ಟಿನ ಬೆಲೆಯನ್ನೇ ಹಾಕಿ, ಅದನ್ನು ಉತ್ಸವದ ಲೆಕ್ಕಪತ್ರದಲ್ಲಿ ಖರ್ಚಿನ ಕಡೆ ತೋರಿಸಿ ಸದಸ್ಯರ ಮುಂದಿಡಬೇಕು. ಆ ಮೊತ್ತ ಕಣ್ಣಿಗೆ ಬಿದ್ದರೆ ಪಾಸುಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆಂಬ ನಂಬಿಕೆ ನನಗಿದೆ.

ಇದು ಶ್ರೀಮಂತರ ಶೋಕಿ, ಇಂಧನದ ಅಪವ್ಯಯ ಎಂಬ ಆಕ್ಷೇಪ ಬರಬಹುದು. ಕಾರು ಇಟ್ಟುಕೊಳ್ಳುವುದು ಶ್ರೀಮಂತರ ಶೋಕಿ ಇರಬಹುದು. ಅದನ್ನು ನೋಡುವುದು ಎಲ್ಲರ ಸಂತೋಷ. ಇಂಧನದ ಮಾತಿಗೆ ಬಂದರೆ, ಗುಡ್‌ವುಡ್ ಬೆಟ್ಟದ ವೇಗದ ದಾಖಲೆಯನ್ನು 2022ರಲ್ಲಿ 39.08 ಸೆಕೆಂಡುಗಳಲ್ಲಿ ಬರೆದದ್ದು ಮೆಕ್‌ಮರ್ಟ್ರಿ ಎಂಬ ಪುಟ್ಟ ಕಂಪನಿಯ ವಿದ್ಯುತ್ ಕಾರು. ಹಳತನ್ನು ಗೌರವಿಸುವ ಉತ್ಸವವೇ ಹೊಸತಕ್ಕೂ ವೇದಿಕೆಯಾಯಿತು.

ಉತ್ಸವದ ಆಸ್ತಿ ಹೊಣೆಗಳ ಪಟ್ಟಿಯಲ್ಲಿ ಪ್ರೇಕ್ಷಕನ ವಿಶ್ವಾಸಕ್ಕೆ ಪ್ರತ್ಯೇಕ ಕಲಮು ಇರುವುದಿಲ್ಲ. ಆದರೂ ಉಳಿದೆಲ್ಲ ಕಲಮುಗಳು ನಿಂತಿರುವುದು ಅದರ ಮೇಲೆಯೇ. ನಮ್ಮ ಸಂಸ್ಥೆಯ ಮುಂದಿನ ಪ್ರದರ್ಶನದ ಆಸನ ವ್ಯವಸ್ಥೆಯನ್ನು ನಿರ್ಧರಿಸುವ ಸಮಿತಿ, ಮೊದಲ ಸಾಲನ್ನು ಟಿಕೆಟ್ ಕೊಂಡವರಿಗೆ ಬಿಟ್ಟುಕೊಡುವುದರಿಂದಲೇ ಕೆಲಸ ಆರಂಭಿಸಲಿ.